ಎಂಟು ಕಣ್ಣಿನ ಸೇತುವೆ, ಎರಡು ಕಣ್ಣು ಕಡಿಮೆ

ಮಗಳು ತಿಂಡಿಯ ಹೊತ್ತಿಗೆ "ಅಪ್ಪ, ಇವತ್ತು ಪಿಯರ್ ನೋಡಿಕೊಂಡು ಬರೋಣ" ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಕಾಂಕ್ರೀಟಿನ ಕಂಬ. ಮೂವತ್ತನಾಲ್ಕು ವರ್ಷ ರಸ್ತೆ, ಸೇತುವೆಗಳ ನಡುವೆಯೇ ಸವೆದು ನಿವೃತ್ತನಾದ ಇಂಜಿನಿಯರನಿಗೆ ಪಿಯರ್ ಎಂದರೆ ಹೊಳೆಯ ನಡುವೆ ನಿಂತು ಸೇತುವೆಯನ್ನು ಹೊರುವ ಕಂಬ. ಅದನ್ನು ನೋಡಲು ಭಾನುವಾರ ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ ಎಂದರೆ ಈ ದೇಶದವರ ಬಗ್ಗೆ ನನಗಿದ್ದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಮೊಮ್ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ದಡದಿಂದ ಹೊರಟು ಸಮುದ್ರದೊಳಕ್ಕೆ ನಡೆದು, ಅಲ್ಲೇ ನಿಂತುಬಿಟ್ಟ ಸೇತುವೆ. ಆಚೆ ದಡವೇ ಇಲ್ಲ.

"ಓ, ದಕ್ಕೆಯಾ?" ಎಂದೆ. ಅವಳಿಗೆ ಆ ಮಾತು ಗೊತ್ತಿರಲಿಲ್ಲ. ಬ್ರಿಸ್ಟಲ್‌ನಲ್ಲಿ ಹುಟ್ಟಿದ ಮಗು. ದಕ್ಕೆ ಅವಳಿಗೆ ಹೇಗೆ ಗೊತ್ತಾಗಬೇಕು?

ಬ್ರಿಸ್ಟಲ್‌ನಿಂದ ಅರ್ಧ ಗಂಟೆಯ ಹಾದಿ, ಕ್ಲೀವ್‌ಡನ್ ಎಂಬ ಪುಟ್ಟ ಊರು. ಅಳಿಯ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾಗ ನಾನೂ ನನ್ನ ಹೆಂಡತಿಯೂ ಇಳಿದು ದಂಡೆಯ ಗೋಡೆಗೆ ಒರಗಿ ನಿಂತೆವು. ನೀರು ಇಳಿದಿತ್ತು. ಇಳಿದಿತ್ತು ಎಂದರೆ ನಮ್ಮ ಕಡೆ ಇಳಿಯುವ ಹಾಗಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಮೀಟರಿನ ಆಸುಪಾಸಿನ ವ್ಯತ್ಯಾಸ, ಆಳೆತ್ತರವೂ ಇಲ್ಲ. ಇಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು ಹದಿನಾಲ್ಕು ಮೀಟರಿನವರೆಗೆ ಹೋಗುತ್ತದೆ, ನಾಲ್ಕು ಅಂತಸ್ತಿನ ಮನೆಯಷ್ಟು. ಜಗತ್ತಿನಲ್ಲಿ ಇಷ್ಟು ಏರಿಳಿತ ಇರುವ ಜಾಗಗಳು ಬೆರಳೆಣಿಕೆಯಷ್ಟು. ನೀರಿನ ಬಣ್ಣವೋ, ಆಷಾಢದ ಹೊಳೆಯದ್ದು: ಕೆಂಪಗೆ, ಮಂದವಾಗಿ, ಹೂಳು ಕಲಸಿಕೊಂಡು. "ಇದೇನು, ಇವರ ಸಮುದ್ರಕ್ಕೆ ವರ್ಷವಿಡೀ ಮಳೆಗಾಲವೇ?" ಎಂದಳು ನನ್ನವಳು.

ಆ ಕೆಸರಿನಿಂದ ಮೇಲೆದ್ದು ಬಂದ ಕಾಲುಗಳನ್ನು ನೋಡಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಂಬ ಎನ್ನಲು ಬಾರದಷ್ಟು ತೆಳ್ಳಗೆ. ಮೀನು ಹಿಡಿಯಲು ನಿಂತ ಕೊಕ್ಕರೆಯ ಕಾಲು. ಒಂದು ಕಾಲಿನಿಂದ ಇನ್ನೊಂದಕ್ಕೆ ಬಿಲ್ಲಿನಂತೆ ಬಾಗಿದ ಕಮಾನು, ಮೇಲೆ ಹಲಗೆಯ ದಾರಿ. ಎಣಿಸಿದೆ, ಎಂಟು ಕಣ್ಣು. ಪ್ರತಿ ಕಣ್ಣೂ ನೂರು ಅಡಿ. ಇಂಥ ಉಬ್ಬರಕ್ಕೆ, ಇಂಥ ಸೆಳೆತಕ್ಕೆ ಯಾರಾದರೂ ಇಷ್ಟು ಸಪೂರವಾಗಿ ಕಟ್ಟುತ್ತಾರೆಯೇ ಎಂದು ಮೊದಲು ಅನಿಸಿತು. ಆಮೇಲೆ ಹೊಳೆಯಿತು: ಸಪೂರವಾಗಿ ಕಟ್ಟಿದ್ದೇ ಅದಕ್ಕೆ. ನೀರಿಗೂ ಗಾಳಿಗೂ ಅಡ್ಡ ನಿಂತರೆ ತಾನೇ ಅವು ತಳ್ಳುವುದು?

ಹತ್ತಿರ ಹೋಗಿ ನೋಡಿದರೆ ಆ ಕಾಲುಗಳು ಕಂಬಿಗಳು. ರೈಲು ಕಂಬಿಗಳು.

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಬೇಸರವಾದವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ವಿಲಿಯಂ ಹೆನ್ರಿ ಬಾರ್ಲೋ ಎಂಬ ಇಂಜಿನಿಯರ್ 1849ರಲ್ಲಿ ಒಂದು ಹೊಸ ಬಗೆಯ ಕಂಬಿಗೆ ಪೇಟೆಂಟ್ ಪಡೆದ. ಅಡ್ಡಕ್ಕೆ ಕೊಯ್ದರೆ ಕುದುರೆಯ ಜೀನಿನ ಆಕಾರ, ಅಗಲವಾದ ಬುಡ. ಕೆಳಗೆ ಮರದ ಸ್ಲೀಪರ್ ಬೇಡ, ಜಲ್ಲಿಯ ಮೇಲೆ ನೇರ ಮಲಗಿಸಿದರೆ ಸಾಕು ಎಂಬುದು ಅದರ ಹೆಗ್ಗಳಿಕೆ. ಇಸಂಬಾರ್ಡ್ ಬ್ರೂನೆಲ್ ಅದನ್ನು ಸೌತ್ ವೇಲ್ಸ್ ರೈಲ್ವೆಗೆ ಹಾಕಿಸಿದ. ರೈಲು ಓಡತೊಡಗಿದ ಮೇಲೆ ಎರಡು ಕಂಬಿಗಳ ನಡುವಿನ ಅಂತರ ಹಿಗ್ಗತೊಡಗಿತು. ಹಿಡಿದಿಡಲು ಸ್ಲೀಪರ್ ಇಲ್ಲವಲ್ಲ. ಕೊನೆಗೆ ಎಲ್ಲವನ್ನೂ ಕಿತ್ತು ಹಾಕಬೇಕಾಯಿತು. ಹೀಗೆ ಬೇಡವಾದ ಮೆದುಕಬ್ಬಿಣದ ಕಂಬಿಗಳನ್ನು ಅಗ್ಗಕ್ಕೆ ಕೊಂಡು, ಎರಡೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ರಿವೆಟ್ ಹೊಡೆದು ಈ ಪಿಯರಿನ ಕಾಲು, ಕಮಾನು ಎರಡನ್ನೂ ಮಾಡಿದರು. ಜಾನ್ ವಿಲಿಯಂ ಗ್ರೋವರ್ ಮತ್ತು ರಿಚರ್ಡ್ ವಾರ್ಡ್ ಇದರ ಇಂಜಿನಿಯರುಗಳು. ರೈಲಿನ ಕೆಳಗೆ ಸೋತ ಕಂಬಿ ಸಮುದ್ರದಲ್ಲಿ ನೂರು ವರ್ಷ ನಿಂತಿತು. ಗುಜರಿ ಮಾಲಿನಲ್ಲಿ ಕಟ್ಟಿದ್ದು ಎಂದು ನಮ್ಮ ಕಡೆ ಆಗಿದ್ದರೆ ಲೆಕ್ಕಪರಿಶೋಧಕರು ಇಬ್ಬರನ್ನೂ ಅಮಾನತು ಮಾಡಿಸುತ್ತಿದ್ದರು.

1869ರ ಮಾರ್ಚ್ 29ರಂದು, ಈಸ್ಟರ್ ಸೋಮವಾರ, ಇದು ಜನರಿಗೆ ತೆರೆಯಿತು. ಖರ್ಚು ಹತ್ತು ಸಾವಿರ ಪೌಂಡ್. ಆಗ ಇದು ತಿರುಗಾಡುವುದಕ್ಕೆ ಮಾತ್ರ ಇದ್ದದ್ದಲ್ಲ. ಎದುರಿಗೆ ವೇಲ್ಸ್ ಕಾಣುತ್ತದೆ. ರೈಲಿನಲ್ಲಿ ಕ್ಲೀವ್‌ಡನ್‌ವರೆಗೆ ಬಂದವರು ಇಲ್ಲಿಂದ ಹಡಗು ಹತ್ತಿ ಆಚೆ ದಡಕ್ಕೆ ಹೋಗಲಿ ಎಂಬುದೂ ಲೆಕ್ಕಾಚಾರದಲ್ಲಿತ್ತು. 1886ರಲ್ಲಿ ಸೆವರ್ನ್ ನದಿಯ ಕೆಳಗೆ ಸುರಂಗ ಕೊರೆದು ರೈಲು ಬಿಟ್ಟರು. ಅಲ್ಲಿಗೆ ಆ ಲೆಕ್ಕಾಚಾರ ಮುಗಿಯಿತು. ಇದನ್ನು ಓದಿದಾಗ ನನಗೆ ನಮ್ಮ ಕಡೆಯ ತಾರಿಗಳು ನೆನಪಾದವು. ಹೊಳೆಗೆ ಸೇತುವೆ ಬರುವ ಮೊದಲು ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಬಸ್ಸೇ ದಾಟುತ್ತಿತ್ತು. ಸೇತುವೆ ಉದ್ಘಾಟನೆಯಾದ ಮರುದಿನ ತಾರಿಕಟ್ಟೆಯ ಚಹದಂಗಡಿಯವನು ಬೀಗ ಹಾಕಿ ಎಲ್ಲಿಗೋ ಹೋಗಿದ್ದ. ಸೇತುವೆ ಕಟ್ಟಿಸಿದವರ ಸಾಲಿನಲ್ಲಿ ನಾನೂ ಇದ್ದೆನಾದ್ದರಿಂದ ಈ ವಿಷಯದಲ್ಲಿ ಹೆಚ್ಚು ಕಣ್ಣೀರು ಹಾಕಿದರೆ ಚೆನ್ನಾಗಿರುವುದಿಲ್ಲ.

ಕೆಲಸ ಹೋದರೂ ಪಿಯರ್ ಹೋಗಲಿಲ್ಲ. ವಿಹಾರದ ಹಡಗುಗಳು ಬಂದವು, 1890ರ ದಶಕದಲ್ಲಿ ತುದಿಗೆ ಬೀಡುಕಬ್ಬಿಣದ ಹೊಸ ಕಟ್ಟೆಯೂ ಅದರ ಮೇಲೆ ಮಂಟಪವೂ ಬಂದವು. ಆಮೇಲಿನದು ಏನೂ ಆಗದ ದೀರ್ಘ ಕಾಲ. ಆಮೇಲೆ 1970ರ ಅಕ್ಟೋಬರ್ 17.

ಆ ದಿನ ಇಲ್ಲಿ ಲೋಡ್ ಟೆಸ್ಟ್ ನಡೆಯುತ್ತಿತ್ತು. ವಿಮೆಯವರಿಗೆ ಬೇಕಾಗಿತ್ತು. ಚದರ ಅಡಿಗೆ ಐವತ್ತು ಪೌಂಡಿನಂತೆ ಭಾರ ಹೇರಿ, ತಡೆಯುತ್ತದೆಯೇ ಎಂದು ನೋಡುವುದು. ದಡದ ಕಡೆಯ ಆರು ಕಣ್ಣು ತಡೆದವು. ಏಳನೆಯದು ಕಾಲು ಮಡಚಿತು. ಅದರ ಜೊತೆಗೆ ಎಂಟನೆಯದೂ ಹೋಯಿತು. ತುದಿಯ ಮಂಟಪ ಮಾತ್ರ ಸಮುದ್ರದ ನಡುವೆ ದ್ವೀಪದ ಹಾಗೆ ಉಳಿಯಿತು.

ಲೋಡ್ ಟೆಸ್ಟ್ ಎಂಬ ಪದ ಓದಿದಾಗ ನನ್ನ ಹೊಟ್ಟೆಯಲ್ಲಿ ಏನೋ ಆಯಿತು ಎಂದರೆ ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ನಾನು ನಾಲ್ಕು ಸೇತುವೆಗಳಿಗೆ ಲೋಡ್ ಟೆಸ್ಟ್ ಮಾಡಿಸಿದ್ದೇನೆ. ಮೊದಲನೆಯದು ಘಟ್ಟದ ಬುಡದ ಒಂದು ಹಳ್ಳಕ್ಕೆ ಕಟ್ಟಿದ್ದು, ಆಗ ನನಗೆ ಇಪ್ಪತ್ತಾರು ವರ್ಷ. ಸೇತುವೆಯ ಮೇಲೆ ಮರಳಿನ ಮೂಟೆಗಳನ್ನು ಎಣಿಸಿ ಎಣಿಸಿ ಪೇರಿಸಬೇಕು. ಪ್ರತಿ ಹತ್ತನೆಯ ಮೂಟೆಯನ್ನು ತೂಕಕ್ಕೆ ಹಾಕಬೇಕು, ಏಕೆಂದರೆ ಗುತ್ತಿಗೆದಾರನ ಆಳುಗಳು ಭಾರವೆಂದು ಮರಳನ್ನು ಕಡಿಮೆ ತುಂಬಿರುತ್ತಾರೆ. ತೊಲೆಯ ಕೆಳಗೆ ಡಯಲ್ ಗೇಜ್ ಕಟ್ಟಬೇಕು. ಕೈಗಡಿಯಾರಕ್ಕಿಂತ ತುಸು ದೊಡ್ಡದು, ತೊಲೆ ಕೂದಲೆಳೆಯಷ್ಟು ಬಾಗಿದರೂ ಮುಳ್ಳು ತಿರುಗುತ್ತದೆ. ಭಾರ ಪೂರ್ತಿ ಹೇರಿದ ಮೇಲೆ ಇಪ್ಪತ್ನಾಲ್ಕು ಗಂಟೆ ಹಾಗೇ ಬಿಡಬೇಕು. ಗಂಟೆಗೊಮ್ಮೆ ಕೆಳಗಿಳಿದು ಮುಳ್ಳು ನೋಡಿ ಬರೆದುಕೊಳ್ಳಬೇಕು. ರಾತ್ರಿಯೂ. ಆ ರಾತ್ರಿ ನಾನು ಕಂದೀಲು ಹಿಡಿದು, ಮಂಡಿಮಟ್ಟದ ನೀರಿನಲ್ಲಿ ನಿಂತು, ತಲೆಯ ಮೇಲೆ ಲಾರಿಗಟ್ಟಲೆ ಮರಳು ಹೊತ್ತು ನಿಂತ ತೊಲೆಯ ಕೆಳಗೆ ಮೂಗು ತೂರಿಸಿ ಗೇಜ್ ಓದುತ್ತಿದ್ದೆ. ಕಪ್ಪೆಗಳು ಕೂಗುವುದು ನಿಂತಾಗಲೆಲ್ಲ ತೊಲೆ ಸದ್ದು ಮಾಡಿತೇನೋ ಎಂದು ಎದೆ ಹಾರುತ್ತಿತ್ತು. ಮರುದಿನ ಮೂಟೆ ಇಳಿಸಿದ ಮೇಲೆ, ಬಾಗಿದ್ದರಲ್ಲಿ ನೂರಕ್ಕೆ ಎಪ್ಪತ್ತೈದು ಪಾಲಾದರೂ ತೊಲೆ ಹಿಂದಕ್ಕೆ ಬಂದರೆ ಪಾಸು. ಬಂತು. ಗುತ್ತಿಗೆದಾರ ಜಿಲೇಬಿ ತರಿಸಿದ.

ಅದೇ ರಾತ್ರಿ ತೊಲೆ ಕುಸಿದಿದ್ದರೆ? ನಾನು ಈ ಬ್ಲಾಗ್ ಬರೆಯುತ್ತಿರಲಿಲ್ಲ, ಅಷ್ಟೇ. ಕ್ಲೀವ್‌ಡನ್‌ನಲ್ಲಿ ಆ ದಿನ ಕೆಳಗೆ ಯಾರಾದರೂ ಇಂಥ ಒಬ್ಬ ಹುಡುಗ ನಿಂತಿದ್ದನೇ ಎಂದು ನನಗೆ ಮೊದಲು ಅನಿಸಿದ್ದು. ಪಿಯರಿನ ಬಗ್ಗೆ ಯೋಚಿಸಿದ್ದು ಆಮೇಲೆ.

ಪ್ರವೇಶದಲ್ಲಿ ಸಣ್ಣ ಕೋಟೆಯಂಥ ಕಲ್ಲಿನ ಸುಂಕದ ಮನೆ, ಪಿಯರಿನಷ್ಟೇ ಹಳೆಯದು. ಒಳಗೆ ಟಿಕೆಟ್ ಕೊಡಲು ಕೂತಿದ್ದಾಕೆಗೆ ಎಪ್ಪತ್ತು ದಾಟಿರಬೇಕು. ಸಂಬಳದವರಲ್ಲ, ವಾರಕ್ಕೆರಡು ದಿನ ಬಂದು ಕೂರುವ ಊರವರು. ನಾನು ಲೋಡ್ ಟೆಸ್ಟಿನ ಬಗ್ಗೆ ಕೇಳಿದ್ದೇ ತಡ, ಹಿಂದೆ ಸಾಲು ನಿಂತಿದ್ದವರನ್ನೂ ಮರೆತು ಹೇಳತೊಡಗಿದರು. ನನ್ನ ಇಂಗ್ಲಿಷು ಕಡತದ ಇಂಗ್ಲಿಷು, ಅವರದು ಸಮುದ್ರದಂಡೆಯದು. ಮಗಳು ನಡುವೆ ನಿಂತು ದುಭಾಷಿಯಾದಳು.

ಬಿದ್ದ ಮೇಲೆ ನಡೆದದ್ದು ಸುಲಭದ ಕಥೆಯಲ್ಲ. 1972ರಲ್ಲಿ ಊರಿನವರು ಪಿಯರ್ ಉಳಿಸಲು ಒಂದು ಟ್ರಸ್ಟ್ ಮಾಡಿಕೊಂಡರು. ಹಣ ಕೂಡಿಸಲು ಆರಂಭಿಸಿದರು. ವರ್ಷಗಳು ಹೋದವು, ಮುರಿದದ್ದು ಮುರಿದ ಹಾಗೇ ನಿಂತಿತ್ತು. ಸ್ಥಳೀಯ ಆಡಳಿತ ಕೆಡವುವುದಕ್ಕೆ ಅನುಮತಿ ಕೇಳಿತು. 1980ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಆಗಿನ ಆಸ್ಥಾನಕವಿ ಜಾನ್ ಬೆಟ್ಜಮನ್ ಇಡೀ ಇಂಗ್ಲೆಂಡಿನಲ್ಲಿ ಇಷ್ಟು ಚೆಂದದ ಪಿಯರ್ ಇನ್ನೊಂದಿಲ್ಲ ಎಂದು ಊರಿನವರ ಪರ ನಿಂತರು. ಕೆಡವುವುದು ತಪ್ಪಿತು. ಆದರೆ ವಿಚಾರಣೆ ಗೆದ್ದರೆ ಕಬ್ಬಿಣ ತಾನಾಗಿ ಎದ್ದು ನಿಲ್ಲುತ್ತದೆಯೇ? ಪರಂಪರೆ ರಕ್ಷಣೆಯ ನಿಧಿಗಳಿಂದ ದೊಡ್ಡ ಮೊತ್ತ ಬರಲು ಮತ್ತೆ ಕೆಲವು ವರ್ಷ ಹಿಡಿಯಿತು. 1985ರಲ್ಲಿ ನಿಂತಿದ್ದ ಕಣ್ಣುಗಳನ್ನೂ ಬಿಚ್ಚಿ, ಎತ್ತಿ, ದೋಣಿಯಲ್ಲಿ ಪಕ್ಕದ ಪೋರ್ಟಿಸ್‌ಹೆಡ್ ಹಡಗುಕಟ್ಟೆಗೆ ಒಯ್ದರು. ಅಲ್ಲಿ ರಿಪೇರಿ ಮಾಡಿ ತಂದು ಮತ್ತೆ ನಿಲ್ಲಿಸಿದರು. 1989ರಲ್ಲಿ ಜನ ಮತ್ತೆ ಪಿಯರಿನ ಮೇಲೆ ನಡೆದರು. ತುದಿಯ ಕಟ್ಟೆ, ಮಂಟಪ ಎಲ್ಲ ಸರಿಯಾಗಿ ಪೂರ್ತಿ ತೆರೆದದ್ದು 1998ರ ಮೇ 27ರಂದು. ಬಿದ್ದು ಇಪ್ಪತ್ತೆಂಟನೆಯ ವರ್ಷಕ್ಕೆ. ಟ್ರಸ್ಟಿನ ಮೊದಲ ಸಭೆಯಲ್ಲಿ ಕೈಯೆತ್ತಿದವರಲ್ಲಿ ಎಷ್ಟು ಮಂದಿ ತುದಿಯವರೆಗೆ ನಡೆದು ಹೋದರೋ!

"ನನ್ನ ಅಪ್ಪ ನಡೆಯಲಿಲ್ಲ" ಎಂದರು ಟಿಕೆಟಿನವರು, "ಅವರದೊಂದು ಹಲಗೆ ಇದೆ. ನಡೆದು ಹೋಗುತ್ತಾ ನೋಡಿ."

ಹಲಗೆಯ ವಿಷಯ ಹೀಗೆ. ಹಣ ಕೂಡಿಸಲು ಇವರು ಪಿಯರಿನ ನೆಲದ ಹಲಗೆಗಳನ್ನು ಊರಿನವರಿಗೂ ಬಂದವರಿಗೂ ಹಂಚಿದರು. ನೀವು ಹಣ ಕೊಟ್ಟರೆ ಒಂದು ಪುಟ್ಟ ಹಿತ್ತಾಳೆಯ ತಗಡಿನಲ್ಲಿ ನೀವು ಹೇಳಿದ ಮಾತು ಕೆತ್ತಿ ಹಲಗೆಗೆ ಹೊಡೆಯುತ್ತಾರೆ. ಹೀಗೆ ಸಾವಿರಾರು ಇವೆ, ಬೆಂಚುಗಳ ಬೆನ್ನಿಗೂ. ನಮ್ಮಲ್ಲಿ ದೇವಸ್ಥಾನದ ಮೆಟ್ಟಿಲಿಗೆ ಹೆಸರು ಕೆತ್ತಿಸುವುದಿಲ್ಲವೇ, ತುಳಿಯುವವರ ಪಾದಧೂಳಿ ಬೀಳಲಿ ಎಂದು? ಸುಮಾರು ಅದೇ. ಟ್ಯೂಬ್‌ಲೈಟಿನ ಮೇಲೆ ಬೆಳಕೇ ಕಾಣದಂತೆ ದಾನಿಯ ಹೆಸರು ಬರೆಸುವುದೂ ನಮ್ಮಲ್ಲೇ ಇದೆ. ಇಲ್ಲಿನ ತಗಡು ಬೆರಳಗಲ, ಬಗ್ಗಿದರೆ ಮಾತ್ರ ಓದಬಹುದು.

ನನ್ನವಳು ಬಗ್ಗಿದಳು. ಮಂಡಿನೋವು ಎಂದು ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಿದ್ದ ಅದೇ ಹೆಂಡತಿ, ಹಲಗೆ ಹಲಗೆಗೂ ಬಗ್ಗಿ ಓದುತ್ತಾ, ಮೊಮ್ಮಗಳಿಂದ ಅರ್ಥ ಹೇಳಿಸಿಕೊಳ್ಳುತ್ತಾ ಹೊರಟಳು. ಇಲ್ಲೇ ಮದುವೆಗೆ ಒಪ್ಪಿಕೊಂಡವರು, ಐವತ್ತು ವರ್ಷ ಒಟ್ಟಿಗೆ ಬಾಳಿದವರು, ಗಾಳ ಹಾಕುತ್ತಲೇ ಮುದುಕನಾದ ಒಬ್ಬ ಅಜ್ಜ, ಒಂದು ನಾಯಿ. ನಾಯಿಯ ತಗಡಿನ ಮುಂದೆ ಇಬ್ಬರೂ ಹೆಚ್ಚು ಹೊತ್ತು ನಿಂತರು. ಹಲಗೆಗಳ ಸಂದಿನಲ್ಲಿ ಕೆಳಗೆ ಕೆಂಪು ನೀರು ಹರಿಯುವುದು ಕಾಣುತ್ತಿತ್ತು. ಆಗಲೇ ಉಬ್ಬರ ಹಿಡಿದಿತ್ತು.

ನಾನು ಕಣ್ಣು ಎಣಿಸುತ್ತಾ ನಡೆದೆ. ಆರು ಮುಗಿದು ಏಳನೆಯದಕ್ಕೆ ಕಾಲಿಡುವಾಗ, ಹೇಳಲು ನಾಚಿಕೆ, ಹಿಮ್ಮಡಿಯಿಂದ ಒಮ್ಮೆ ಗುದ್ದಿ ನೋಡಿದೆ. ಸೇತುವೆ ಇಂಜಿನಿಯರುಗಳಿಗೆ ಇದು ರೋಗ. ಕಟಕಟೆಯಿಂದ ಬಗ್ಗಿ ಕಾಲುಗಳ ಜೋಡಣೆ ನೋಡಿದೆ. ಸಾಲು ಹಿಡಿದ ರಿವೆಟ್ ತಲೆಗಳು, ಬಣ್ಣದ ಮೇಲೆ ಬಣ್ಣ ಕೂತು ನುಣುಪಾದವು. ಹಳೆಯದೆಲ್ಲಿ ಮುಗಿಯಿತು, ಹೊಸದೆಲ್ಲಿ ಶುರುವಾಯಿತು ಎಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಗಾಳ ಬಿಟ್ಟು ಕೂತಿದ್ದವನು ನಾನು ಮೀನು ನೋಡುತ್ತಿದ್ದೇನೆ ಎಂದುಕೊಂಡು ಬಕೆಟ್ ತೋರಿಸಿದ. ಒಳಗೆ ಮುಳ್ಳುಬೆನ್ನಿನ ತೊರಕೆಯೊಂದು ಮಡಚಿಕೊಂಡು ಮಲಗಿತ್ತು. ಇದನ್ನು ಕುಂದಾಪುರದ ಕಡೆಯ ಮಸಾಲೆಯಲ್ಲಿ ಹೇಗೆ ಮಾಡಬೇಕೆಂದು ನನ್ನವಳು ಅವನಿಗೆ ಕನ್ನಡದಲ್ಲೇ ವಿವರಿಸಿದಳು. ಅವನು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿದ.

ತುದಿಯ ಮಂಟಪದಲ್ಲಿ ಚಹಾ. ಚಹಾದ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲಿ ಒಂದು ದೊಡ್ಡ ಚಿತ್ರ ತೋರಿಸಿ ಅಳಿಯ ಹೇಳಿದ: ವೇವರ್ಲೀ ಎಂಬ ಹಡಗು ಈಗಲೂ ಬೇಸಿಗೆಯಲ್ಲಿ ಇಲ್ಲಿಗೆ ಬರುತ್ತದೆಯಂತೆ. ಎರಡೂ ಮಗ್ಗುಲಿಗೆ ನೀರಿನ ಚಕ್ರ ತಿರುಗುವ ಉಗಿಹಡಗು. ಸಮುದ್ರದಲ್ಲಿ ಪ್ರಯಾಣಿಕರನ್ನು ಒಯ್ಯುವ ಅಂಥದ್ದು ಜಗತ್ತಿನಲ್ಲಿ ಅದೊಂದೇ ಉಳಿದಿರುವುದು. ಅದನ್ನೂ 1974ರಲ್ಲಿ ಒಂದು ಪೌಂಡಿಗೆ ಹವ್ಯಾಸಿಗಳ ಸಂಘವೊಂದಕ್ಕೆ ಕೊಟ್ಟುಬಿಟ್ಟಿದ್ದರು. ಊರಿನವರು ಎತ್ತಿ ನಿಲ್ಲಿಸಿದ ಕಟ್ಟೆಗೆ ಊರಿನವರೇ ಉಳಿಸಿಕೊಂಡ ಹಡಗು ಬಂದು ಹಗ್ಗ ಕಟ್ಟುತ್ತದೆ. ಮೊಮ್ಮಗಳಿಗೆ ಹಡಗಿನಲ್ಲಿ ಆಸಕ್ತಿ ಇರಲಿಲ್ಲ. 2014ರಲ್ಲಿ ಒನ್ ಡೈರೆಕ್ಷನ್ ತಂಡದ ಹುಡುಗರು ಇದೇ ಹಲಗೆಗಳ ಮೇಲೆ ನಡೆದು ಹಾಡಿದ್ದರು ಎಂಬುದು ಅವಳ ಇತಿಹಾಸ. ಆ ಹುಡುಗರನ್ನು ನೋಡಿದ ಮೇಲೆ ಇಲ್ಲಿಗೆ ಬರುವವರ ಸಂಖ್ಯೆ ಏರಿತಂತೆ. ಬೆಟ್ಜಮನ್ ಒಬ್ಬರೇ ಎಷ್ಟು ದಿನ ಸಾಲುತ್ತಾರೆ?

ಎಲ್ಲ ಪಿಯರುಗಳ ಕಥೆ ಹೀಗೆ ಮುಗಿಯುವುದಿಲ್ಲ. ಮನೆಗೆ ಬಂದು ಕೆದಕಿದೆ. ಬ್ರೈಟನ್ನಿನ ವೆಸ್ಟ್ ಪಿಯರ್ 1975ರಲ್ಲಿ ಮುಚ್ಚಿ, ಉಳಿಸುವ ಮಾತು ನಡೆಯುತ್ತಲೇ ಇದ್ದು, 2002ರಲ್ಲಿ ಕುಸಿದು, 2003ರಲ್ಲಿ ಸುಟ್ಟು, ಈಗ ಅಸ್ಥಿಪಂಜರ ಮಾತ್ರ ನೀರಿನಲ್ಲಿದೆ. ಹೇಸ್ಟಿಂಗ್ಸ್‌ನದು ಇನ್ನೂ ಸಂಕಟದ್ದು. 2010ರಲ್ಲಿ ಬೆಂಕಿಗೆ ಹೋದದ್ದನ್ನು ಊರಿನ ಜನ ಷೇರು ಕೊಂಡು, ಲಾಟರಿ ನಿಧಿ ತಂದು, ಹೊಸದಾಗಿ ಕಟ್ಟಿಸಿ 2016ರಲ್ಲಿ ತೆರೆದರು. 2017ರಲ್ಲಿ ಅದಕ್ಕೆ ಆ ದೇಶದ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಸ್ಟರ್ಲಿಂಗ್ ಬಂತು. ಪ್ರಶಸ್ತಿ ಬಂದ ಕೆಲವೇ ವಾರಗಳಲ್ಲಿ ನಡೆಸುವ ಸಂಸ್ಥೆ ಕೈ ಬರಿದಾಗಿ ಕುಳಿತಿತು. ಮರುವರ್ಷ ಪಿಯರ್ ಖಾಸಗಿಯವರ ಪಾಲಾಯಿತು. ಕಟ್ಟುವುದಕ್ಕೆ ಹಣ ಸಿಗುತ್ತದೆ, ಬಣ್ಣ ಬಳಿಯುವುದಕ್ಕೆ ಸಿಗುವುದಿಲ್ಲ. ಇದು ಇಂಗ್ಲೆಂಡಿನ ಮಾತೆಂದುಕೊಳ್ಳಬೇಡಿ, ನಮ್ಮ ಪ್ರತಿಯೊಂದು ವಿಭಾಗದ ನಿರ್ವಹಣೆಯ ಲೆಕ್ಕಶೀರ್ಷಿಕೆ ತೆರೆದು ನೋಡಿ. ಕ್ಲೀವ್‌ಡನ್ನಿನದು ಉಳಿದುಕೊಂಡಿರುವುದಕ್ಕೆ 2001ರಲ್ಲಿ ಸಿಕ್ಕ ಅತ್ಯುನ್ನತ ದರ್ಜೆಯ ರಕ್ಷಣೆಯೂ ಒಂದು ಕಾರಣ ಇರಬಹುದು. ನನಗೆ ಮಾತ್ರ ಟಿಕೆಟ್ ಕೊಡಲು ಬಂದು ಕೂರುವ ಆ ಮುದುಕಿಯೇ ಕಾರಣ ಎನಿಸುತ್ತದೆ.

ಇಷ್ಟು ಬರೆದ ಮೇಲೆ ಬರೆಯದೆ ಬಿಟ್ಟದ್ದನ್ನೂ ಬರೆಯಬೇಕು.

ನೌಕರಿಯ ಕೊನೆಯ ಹತ್ತು ವರ್ಷಗಳಲ್ಲಿ ಒಮ್ಮೆ, ಅಳಿವೆಯ ಪಕ್ಕದ ಒಂದು ಊರಿನ ಹಳೆಯ ದಕ್ಕೆಯನ್ನು ತಪಾಸಣೆ ಮಾಡಿ ವರದಿ ಕೊಡಲು ನನಗೆ ಹೇಳಿದ್ದರು. ಊರಿನ ಹೆಸರು ಬೇಡ. ಮರದ ಕಂಬ, ಮರದ ಹಲಗೆ, ಬುಡದಲ್ಲಿ ಜಂಬಿಟ್ಟಿಗೆಯ ಕಟ್ಟೆ. ಲಾಂಚು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಸಂಜೆ ಹುಡುಗರು ಅಲ್ಲಿಂದ ನೀರಿಗೆ ಹಾರುತ್ತಿದ್ದರು, ಹೆಂಗಸರು ಬಲೆ ಬಿಡಿಸುತ್ತಾ ಕೂರುತ್ತಿದ್ದರು. ನಾನು ಜೀಪಿನಿಂದ ಇಳಿದಾಗ ಐದಾರು ಮಂದಿ ಹಿರಿಯರು ಮನವಿಪತ್ರ ಹಿಡಿದು ನಿಂತಿದ್ದರು. "ಮರ ನಾವು ಕೊಡುತ್ತೇವೆ, ಆಳು ನಾವೇ, ನೀವು ಬೇಡ ಎನ್ನಬೇಡಿ, ಅಷ್ಟೇ ಸಾಕು" ಎಂದರು ಅವರಲ್ಲೊಬ್ಬರು. ನಾನು ಮನವಿ ತೆಗೆದುಕೊಂಡೆ. ಎಳನೀರು ಕುಡಿದೆ. ಕಚೇರಿಗೆ ಬಂದು ಕಡತದಲ್ಲಿ ಷರಾ ಬರೆದೆ: "ಶಿಥಿಲಗೊಂಡಿದೆ. ದುರಸ್ತಿ ಮಿತವ್ಯಯಕರವಲ್ಲ. ತೆರವುಗೊಳಿಸಬಹುದು." ಯಾರಾದರೂ ಬಿದ್ದು ಸತ್ತರೆ ಸಹಿ ಮಾಡಿದವನ ಕುತ್ತಿಗೆಗೆ ಬರುತ್ತದೆ, ತೆರವು ಮಾಡಿ ಎಂದರೆ ಯಾರ ಕುತ್ತಿಗೆಗೂ ಬರುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ತೆಗೆದರು. ಮರವನ್ನು ಹರಾಜು ಹಾಕಿದರು. ಯಾರೂ ವಿಚಾರಣೆ ಕೇಳಲಿಲ್ಲ. ಕೇಳಬಹುದು ಎಂದು ಅವರಿಗೆ ಯಾರು ಹೇಳಿದ್ದರು?

ಆ ರಾತ್ರಿ ಊಟಕ್ಕೆ ಮೊದಲು ಮೊಮ್ಮಗಳು ಬಂದು, "ಅಜ್ಜ, ಬೆಳಿಗ್ಗೆ ಅದೇನೋ ಹೇಳಿದೆಯಲ್ಲ, ದಕ್ಕೆ, ಅದು ಹೇಗಿರುತ್ತದೆ?" ಎಂದಳು. ಪಿಯರಿನ ಟಿಕೆಟ್ ಅಂಗಿಯ ಜೇಬಿನಲ್ಲೇ ಇತ್ತು. ಹಿಂದುಗಡೆ ಬರೆದು ತೋರಿಸಿದೆ. ಇದು ಅಳಿವೆ, ಇದು ಕಲ್ಲಿನ ಕಟ್ಟೆ, ಇವು ಕಂಬ, ಎರಡು ಸಾಲು, ಸಾಲಿಗೆ ಒಂಬತ್ತು. ಅಳತೆಗಳೆಲ್ಲ ಇನ್ನೂ ಬಾಯಿಪಾಠ ಇದ್ದವು. ಹಾಳಾದ ಕಂಬಗಳಿಗೆ ವರದಿಯಲ್ಲಿ ಹಾಕಿದ್ದ ಹಾಗೆಯೇ ಅಭ್ಯಾಸಬಲದಿಂದ ಕತ್ತರಿ ಗುರುತು ಹಾಕಿದೆ.

ಅವಳು ಬೆರಳಿಟ್ಟು ಎಣಿಸಿದಳು.

"ಹದಿನೆಂಟರಲ್ಲಿ ಮೂರೇ ಮೂರಾ, ಅಜ್ಜ?"

ಹೌದು ಎಂದೆ. ಒಳಗಿನಿಂದ ಊಟಕ್ಕೆ ಕರೆದರು.